ಸ್ಕ್ರೂ ಇಲ್ಲದ ಮಂಡಿ

ಅವಳು ಬಸ್‌ಸ್ಟ್ಯಾಂಡಿನಿಂದ ನಮ್ಮ ಆಸ್ಪತ್ರೆಗೆ ನಡೆದೇ ಬಂದಿದ್ದಳು. ನಡಿಗೆಯಲ್ಲಿ ಕುಂಟು ಇರಲಿಲ್ಲ. ನನ್ನ ಕೋಣೆಯ ಹೊಸ್ತಿಲು ದಾಟಿ ಬೆಂಚಿನ ಕಡೆ ತಿರುಗುವಾಗ ಮಾತ್ರ ಬಲಗಾಲಿನ ಮಂಡಿ ಒಮ್ಮೆಲೆ ಜಾರಿತು. ಗೋಡೆ ಹಿಡಿದು ನಿಂತಳು. ಮುಖದಲ್ಲಿ ನೋವಿಗಿಂತ ಸಿಟ್ಟೇ ಹೆಚ್ಚಿತ್ತು.

"ಹೀಂಗೇ ಆಗೂದು ನೋಡಿ ಡಾಕ್ಟ್ರೆ," ಎಂದಳು. "ಸೀದಾ ಹೋದ್ರೆ ಎಂತದೂ ಇಲ್ಲ. ತಿರುಗಿದ್ರೆ ಮಂಡಿ ನಂದಲ್ಲ."

ಎಂಬತ್ತರ ದಶಕದ ನಡುವಿನ ವರ್ಷಗಳು. ಕುಮಟೆಯಲ್ಲಿ ಒಂದು ಸಂಸ್ಥೆಯವರು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಯಲ್ಲಿ ನಾನು ಮೂಳೆ ವೈದ್ಯನಾಗಿದ್ದೆ. ಅವಳು ತದಡಿಯವಳು, ಮೂವತ್ತರ ಆಸುಪಾಸು. ಅಘನಾಶಿನಿ ಸಮುದ್ರ ಸೇರುವಲ್ಲಿ ನೀರು ಇಳಿದಾಗ ಹೆಂಗಸರು ಸೊಂಟದವರೆಗಿನ ನೀರಿಗಿಳಿದು ಕೆಸರಿನಿಂದ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಚಿಪ್ಪಿನೊಳಗಿನ ಆ ಮಾಂಸಕ್ಕೆ ನಮ್ಮ ಕಡೆಯ ಎಲ್ಲ ಪೇಟೆಯಲ್ಲೂ ಗಿರಾಕಿಗಳಿದ್ದಾರೆ. ಅವಳದು ಅದೇ ಕೆಲಸ. ಗಂಡ ರಂಪಣಿ ಬಲೆಯ ತಂಡದಲ್ಲಿದ್ದವನು. ಯಂತ್ರದ ದೋಣಿಗಳು ಬಂದ ಮೇಲೆ ದಡದಿಂದ ಎಳೆಯುವ ಆ ದೊಡ್ಡ ಬಲೆಗಳು ಒಂದೊಂದಾಗಿ ಮಡಚಿ ಅಟ್ಟ ಸೇರಿದ್ದವು. ಮನೆಯ ಒಲೆ ಉರಿಯುತ್ತಿದ್ದದ್ದು ಅವಳ ಬುಟ್ಟಿಯಿಂದ.

ಹಿಂದಿನ ವರ್ಷ ತುಂಬಿದ ಬುಟ್ಟಿಯನ್ನು ದೋಣಿಗೆ ಎತ್ತಿ ಕೊಡುವಾಗ ನೀರಿನ ಸೆಳೆತಕ್ಕೆ ದೋಣಿ ತಿರುಗಿ ಅವಳ ಸೊಂಟಕ್ಕೆ ಬಡಿದಿತ್ತು. ಪಾದ ಕೆಸರಿನಲ್ಲಿ ಹೂತಿತ್ತು. ಮೈ ತಿರುಗಿತು, ಪಾದ ತಿರುಗಲಿಲ್ಲ. ಮಂಡಿಯೊಳಗೆ ಠಕ್ಕೆಂದ ಸದ್ದು ತನಗೇ ಕೇಳಿಸಿತು ಎಂದಳು. ಊರಿನ ನಾಟಿ ವೈದ್ಯರು ಸೊಪ್ಪು ಅರೆದು ಕಟ್ಟಿದರು, ಬಾವು ಇಳಿಯಿತು. ಆಮೇಲೆ ಶುರುವಾದದ್ದು ಈ ಜಾರುವಿಕೆ.

ಮಲಗಿಸಿ, ಮಂಡಿಯನ್ನು ಸ್ವಲ್ಪ ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದರಲ್ಲಿ ಕೆಳಗಾಲನ್ನು ಮುಂದಕ್ಕೆ ಎಳೆದೆ. ಒಳ್ಳೆಯ ಮಂಡಿಯಲ್ಲಿ ಈ ಎಳೆತ ಒಂದು ಕಡೆ ಗಕ್ಕನೆ ನಿಲ್ಲುತ್ತದೆ. ಇಲ್ಲಿ ನಿಲ್ಲಲಿಲ್ಲ, ಸಡಿಲವಾದ ಮೇಜಿನ ಖಾನೆಯ ಹಾಗೆ ಮುಂದೆ ಬಂತು. ತೊಡೆಮೂಳೆಗೂ ಕೆಳಗಾಲ ಮೂಳೆಗೂ ನಡುವೆ ಅಡ್ಡಲಾಗಿರುವ ಹುರಿಯಂಥ ಲಿಗಮೆಂಟ್ ಪೂರ್ತಿ ಹರಿದಿತ್ತು.

"ಬೇರೆ ಕೆಲಸ ಮಾಡಿದರೆ ಇದರ ಜೊತೆಗೇ ಬದುಕಬಹುದು," ಎಂದೆ.

"ಬೇರೆ ಎಂತ ಕೆಲಸ? ನಂಗೆ ಬಪ್ಪದು ಇದೊಂದೇ. ಮೊನ್ನೆ ನೀರಲ್ಲೇ ಮಂಡಿ ಜಾರಿ ಮುಳುಗಿದ್ದೆ. ಒಟ್ಟಿಗಿದ್ದವ್ರು ತಲೆಕೂದ್ಲು ಹಿಡಿದು ಎತ್ತಿದ್ರು."

ದಕ್ಷಿಣದ ದೊಡ್ಡ ಆಸ್ಪತ್ರೆಗೂ ಒಮ್ಮೆ ಹೋಗಿ ಬಂದಿದ್ದಳು. ಅಲ್ಲಿ ತಿಂಗಳುಗಟ್ಟಲೆ ಉಳಿಯಬೇಕು ಎಂದಿದ್ದರಂತೆ. ಎರಡು ಸಣ್ಣ ಮಕ್ಕಳು, ಕಣ್ಣು ಕಾಣದ ಅತ್ತೆ. "ಇಲ್ಲೇ ಮಾಡಿ. ಇಲ್ಲಾದ್ರೆ ಬ್ಯಾಡ," ಎಂದುಬಿಟ್ಟಳು. ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ಬಳಚಿನ ಕೆಲಸ ನಿಲ್ಲುತ್ತದೆ. ಆಪರೇಶನ್ ಮಾಡುವುದಾದರೆ ಮಳೆ ಹಿಡಿದ ಕೂಡಲೇ ಮಾಡಬೇಕು; ತಪ್ಪಿದರೆ ಅವಳು ಮತ್ತೆ ಅದೇ ಮಂಡಿಯಲ್ಲಿ ನೀರಿಗಿಳಿಯುತ್ತಾಳೆ. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಒಪ್ಪಿಕೊಂಡೆ.

ಆಪರೇಶನ್ ನನಗೆ ಗೊತ್ತಿತ್ತು, ಮುಂಬಯಿಯಲ್ಲಿ ನನ್ನ ಗುರುಗಳ ಕೈಕೆಳಗೆ ನಿಂತು ಕಲಿತದ್ದು. ಮಂಡಿಚಿಪ್ಪಿನ ಕೆಳಗೆ ಅಗಲವಾದ ಒಂದು ಸ್ನಾಯುಪಟ್ಟಿ ಇರುತ್ತದೆ. ಅದರ ನಡುಭಾಗವನ್ನು, ಎರಡು ತುದಿಗೂ ಒಂದೊಂದು ಮೂಳೆಯ ತುಂಡು ಅಂಟಿಕೊಂಡಿರುವ ಹಾಗೆ ಸೀಳಿ ತೆಗೆಯಬೇಕು. ತೊಡೆಮೂಳೆಯಲ್ಲೊಂದು, ಕೆಳಗಾಲ ಮೂಳೆಯಲ್ಲೊಂದು ಸುರಂಗ ಕೊರೆದು ಪಟ್ಟಿಯನ್ನು ಹರಿದ ಲಿಗಮೆಂಟಿನ ಜಾಗದಲ್ಲಿ ಹಾಯಿಸಬೇಕು. ಕೊನೆಗೆ ಮೂಳೆತುಂಡಿಗೂ ಸುರಂಗದ ಗೋಡೆಗೂ ನಡುವೆ ಸ್ಕ್ರೂ ತಿರುಗಿಸಿ ಬಿಗಿ ಮಾಡಬೇಕು. ಮೂಳೆಗೆ ಮೂಳೆ ಬೆಸೆಯುವವರೆಗೆ ಎಲ್ಲ ಭಾರವೂ ಆ ಸ್ಕ್ರೂಗಳ ಮೇಲೆ.

ನನ್ನ ಚಿಂತೆ ಇದ್ದದ್ದು ಆ ಸ್ಕ್ರೂ ಯಾವ ಲೋಹದ್ದು ಎನ್ನುವುದರಲ್ಲಿ.

ಆಸ್ಪತ್ರೆಯ ಕಪಾಟಿನಲ್ಲಿ ಸ್ಕ್ರೂಗಳಿಗೆ ಕೊರತೆ ಇರಲಿಲ್ಲ. ಸಂಸ್ಥೆಯ ಕಾರ್ಯದರ್ಶಿಗಳು ನಾನು ಬರುವ ಮೊದಲೇ ಒಬ್ಬ ಏಜೆಂಟನಿಂದ ಪೆಟ್ಟಿಗೆಗಟ್ಟಲೆ ತರಿಸಿಟ್ಟಿದ್ದರು. ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಎಂದು ಅಚ್ಚಾಗಿತ್ತು. ಯಾವ ಬಗೆಯ ಸ್ಟೀಲ್ ಎಂದು ಎಲ್ಲೂ ಇರಲಿಲ್ಲ. ನನಗಿಂತ ಹಿಂದಿದ್ದ ವೈದ್ಯರು ಹಾಕಿದ್ದ ಅಂಥ ಕೆಲವು ಸ್ಕ್ರೂಗಳನ್ನು ನಾನೇ ಹೊರತೆಗೆದಿದ್ದೆ. ತಲೆಯ ಅಡಿಯಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿದ್ದವು, ಸುತ್ತಲಿನ ಮಾಂಸ ಕಪ್ಪಗಾಗಿತ್ತು. ಮುರಿದ ಮೂಳೆಗಾದರೆ ಅದು ಹೇಗೋ ನಡೆಯುತ್ತದೆ. ಮೂಳೆ ಕೂಡಿದ ಮೇಲೆ ತೆಗೆದು ಬಿಸಾಡಬಹುದು. ಮಂಡಿಯ ಸುರಂಗದಲ್ಲಿ ಸ್ಕ್ರೂ ಕೊಳೆಯತೊಡಗಿದರೆ ಪಟ್ಟಿಯ ಬುಡವೇ ಕೊಳೆಯುತ್ತದೆ. ಬೇಗ ತೆಗೆದರೆ ಪಟ್ಟಿ ಕಿತ್ತು ಬರುತ್ತದೆ, ಬಿಟ್ಟರೆ ಕೀವಾಗುತ್ತದೆ.

ಒಂದು ಅಯಸ್ಕಾಂತ ತಂದು ಆ ಸ್ಕ್ರೂಗಳ ಮೇಲೆ ಆಡಿಸಿದೆ. ಹಲವು ಚಟ್ಟನೆ ಅಂಟಿಕೊಂಡವು. ಮೈಯೊಳಗೆ ಇಡುವ ಸ್ಟೀಲ್ ಹಾಗೆ ಅಂಟಬಾರದು. ಅಂಟದೆ ಉಳಿದವೂ ಒಳ್ಳೆಯವೇ ಎಂದು ಹೇಳುವ ಹಾಗಿರಲಿಲ್ಲ. ಅಡಿಗೆ ಪಾತ್ರೆಯ ಸ್ಟೀಲೂ ಎಷ್ಟೋ ಸಲ ಅಂಟುವುದಿಲ್ಲ. ಮೈಯ ಉಪ್ಪನ್ನು ತಡೆಯಬೇಕಾದರೆ ಸ್ಟೀಲಿಗೆ ಮಾಲಿಬ್ಡಿನಮ್ ಎಂಬ ಲೋಹ ಬೆರೆತಿರಬೇಕು. ಅದನ್ನು ಕುಮಟೆಯಲ್ಲಿ ಕೂತು ಕಂಡುಹಿಡಿಯುವುದು ಹೇಗೆ?

ಟೈಟೇನಿಯಂ ಇದ್ದರೆ ಈ ತಲೆಬಿಸಿಯೇ ಇರುತ್ತಿರಲಿಲ್ಲ. ಗುರುಗಳನ್ನು ಕೇಳಿದ್ದಕ್ಕೆ ತಮಗೇ ಸಿಗುತ್ತಿಲ್ಲ ಎಂದರು. ಸೊಂಟದ ಕೀಲಿಗೆ ಬಳಸುವ ಕೋಬಾಲ್ಟಿನ ಮಿಶ್ರಲೋಹದಲ್ಲಿ ಈ ಅಳತೆಯ ಸ್ಕ್ರೂ ಇರಲಿಲ್ಲ. ಇದ್ದದ್ದರಲ್ಲೇ ಒಂದೊಂದು ಬಗೆಯದು ಒಂದೊಂದು ಕಡೆ ಹಾಕೋಣವೆಂದರೆ ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಸೇರಿದಾಗ ಬ್ಯಾಟರಿಯ ಹಾಗೆ ಒಂದು ಇನ್ನೊಂದನ್ನು ತಿನ್ನುತ್ತದೆ. ಕೊನೆಗೆ ಉಳಿದದ್ದು, ಮುಂಬಯಿ ಬಿಡುವಾಗ ಗುರುಗಳು ನನ್ನ ಕೈಗೆ ಕೊಟ್ಟಿದ್ದ ಸಣ್ಣ ಪೆಟ್ಟಿಗೆ. ಅದರಲ್ಲಿ ಬೆರಳೆಣಿಕೆಯ ವಿದೇಶಿ ಸ್ಕ್ರೂಗಳು, ಅವಕ್ಕೆಂದೇ ಮಾಡಿದ ಒಂದೇ ಒಂದು ಸ್ಕ್ರೂಡ್ರೈವರ್.

ಅವನ್ನೂ ಕಣ್ಣುಮುಚ್ಚಿ ನಂಬಲು ನನಗೆ ಧೈರ್ಯವಾಗಲಿಲ್ಲ. ಎರಡು ಬಗೆಯ ಸ್ಕ್ರೂಗಳನ್ನೂ ಕಟ್ಟಿಕೊಂಡು ಭಟ್ಕಳದ ಬಸ್ಸು ಹತ್ತಿದೆ. ಅಲ್ಲಿ ನನಗೆ ಬೇಕಾದವರೊಬ್ಬರಿದ್ದರು. ಬಹಳ ವರ್ಷ ಹಡಗಿನಲ್ಲಿ ಇಂಜಿನಿಯರ್ ಆಗಿದ್ದು ಮನೆಗೆ ಮರಳಿದವರು. ಮುರಿದ ಮಣಿಕಟ್ಟಿಗೆ ನನ್ನಿಂದ ಚಿಕಿತ್ಸೆ ಮಾಡಿಸಿಕೊಂಡಿದ್ದರು. ಮನೆಯವರೊಡನೆ ಅವರ ನವಾಯತಿ ಭಾಷೆ, ನನ್ನೊಡನೆ ಕನ್ನಡ.

"ಡಾಕ್ಟರ್ ಸಾಹೇಬ್ರೆ, ನಿಮ್ಮ ಮನುಷ್ಯನೂ ಉಪ್ಪುನೀರು, ನನ್ನ ಹಡಗೂ ಉಪ್ಪುನೀರು," ಎಂದು ಸ್ಕ್ರೂವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಸ್ಟೀಲಿಗೆ ಗಾಳಿ ಬೇಕು. ಗಾಳಿ ಸಿಕ್ಕಿದ್ರೆ ಮೈಮೇಲೆ ತೆಳ್ಳಗೆ ಒಂದು ಪದರ ಕಟ್ಟಿಕೊಳ್ತದೆ, ಅದೇ ಅದರ ಹಿಫಾಜತ್, ಅದರ ಕಾವಲು. ವಾಷರಿನ ಅಡಿಗೆ ಗಾಳಿ ಹೋಗೂದಿಲ್ಲ. ಕೊಳೆಯೂದು ಯಾವತ್ತೂ ಅಲ್ಲೇ."

"ಮೂಳೆಯೊಳಗೂ ಗಾಳಿ ಇಲ್ಲವಲ್ಲ," ಎಂದೆ.

"ಹಾಗಾದ್ರೆ ಹಾಗೆಯೇ ನೋಡುವಾ."

ಪ್ರತಿ ಸ್ಕ್ರೂವಿನ ಕುತ್ತಿಗೆಗೂ ರಬ್ಬರಿನ ಬಿಗಿ ಉಂಗುರ ತೊಡಿಸಿ ಉಪ್ಪುನೀರಿನ ಗಾಜಿನ ಭರಣಿಗಳಲ್ಲಿ ಮುಳುಗಿಸಿಟ್ಟರು. ಅಡಿಗೆಮನೆಯ ಒಲೆಯ ಪಕ್ಕದ ಬೆಚ್ಚನೆಯ ಕಟ್ಟೆಯ ಮೇಲೆ ಆ ಭರಣಿಗಳು ಕೂತವು. ಅವರ ಬೇಗಂ ಉಪ್ಪಿನಕಾಯಿಯ ಭರಣಿಗಳನ್ನು ಸರಿಸಿ ಜಾಗ ಮಾಡಿಕೊಟ್ಟರು.

ಕಾಯುವ ಆ ವಾರಗಳಲ್ಲಿ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆವು. ಅವರು ಪೇಟೆಯಿಂದ ಎಮ್ಮೆಯ ಕಾಲುಮೂಳೆ ತರಿಸಿಕೊಟ್ಟರು. ಅದರಲ್ಲಿ ಸುರಂಗ ಕೊರೆದು, ಸ್ನಾಯುಪಟ್ಟಿ ಹಾಯಿಸಿ, ವಿದೇಶಿ ಸ್ಕ್ರೂ ತಿರುಗಿಸಿ, ಹಿತ್ತಿಲ ಜಗಲಿಯ ಜಂತಿಗೆ ಕಟ್ಟಿ ಕೆಳಗಿನಿಂದ ತೂಕದ ಕಲ್ಲುಗಳನ್ನು ನೇತು ಹಾಕುತ್ತ ಹೋದೆವು. ನಾಲ್ಕಾರು ಸಲ ಮಾಡಿ ನೋಡಿದರೂ ಪಟ್ಟಿಯೇ ಹರಿಯತೊಡಗಿತೇ ಹೊರತು ಸ್ಕ್ರೂ ಬಿಡಲಿಲ್ಲ. ಹೋಲಿಸಿ ನೋಡಲೆಂದು ಹಳೆಯ ಕ್ರಮವನ್ನೂ ಮಾಡಿದೆ: ಸ್ಕ್ರೂ ಇಲ್ಲದೆ, ಮೂಳೆಯದೇ ಬೆಣೆ ಹೊಡೆದು, ದಪ್ಪ ನೇಯ್ಗೆಯ ದಾರವನ್ನು ಮೂಳೆಯಾಚೆ ತೆಗೆದು ಗಂಟು ಹಾಕುವುದು. ಅದು ಮೊದಲು ಸ್ವಲ್ಪ ಜಾರಿತು, ಆಮೇಲೆ ನಿಂತಿತು. ಆದರೆ ಸ್ಕ್ರೂ ಹೊತ್ತ ಭಾರದ ಅರ್ಧಕ್ಕೇ ಸಡಿಲಾಯಿತು.

ಭರಣಿ ತೆರೆದ ದಿನ ಅನುಮಾನಕ್ಕೆ ಎಡೆ ಉಳಿಯಲಿಲ್ಲ. ರಬ್ಬರ್ ಸರಿಸಿದಾಗ ಕಪಾಟಿನ ಸ್ಕ್ರೂಗಳ ಕುತ್ತಿಗೆಯಲ್ಲಿ ಕಂದು ಬಣ್ಣದ ಉಂಗುರ, ಅದರೊಳಗೆ ಸೂಜಿ ಚುಚ್ಚಿದಂಥ ಗುಳಿಗಳು. ಗುರುಗಳು ಕೊಟ್ಟದ್ದು ಇಟ್ಟ ಹಾಗೇ ಹೊಳೆಯುತ್ತಿತ್ತು. ಲೋಹದ ಆಯ್ಕೆ ಮುಗಿಯಿತೆಂದು ನಿರಾಳವಾಗಿ ಬಸ್ಸು ಹತ್ತಿದೆ.

ಆಪರೇಶನ್ನಿನ ದಿನ ಬೆಳಿಗ್ಗೆಯಿಂದಲೇ ಮಳೆ. ಹೊನ್ನಾವರದಿಂದ ಬರಬೇಕಿದ್ದ ಅರಿವಳಿಕೆಯ ವೈದ್ಯರು ತೊಯ್ದು ಬಂದು ಬಟ್ಟೆ ಬದಲಿಸಿ, ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದರು. ಆದ್ದರಿಂದ ಅವಳು ಎಚ್ಚರವಾಗಿಯೇ ಇದ್ದಳು. ಎದೆಯ ಮೇಲೆ ಅಡ್ಡಲಾಗಿ ಹಸಿರು ಬಟ್ಟೆಯ ಪರದೆ. ತೊಡೆಗೆ ರಕ್ತ ನಿಲ್ಲಿಸುವ ಪಟ್ಟಿ ಬಿಗಿದಿತ್ತು. ಅದನ್ನು ಹೆಚ್ಚು ಹೊತ್ತು ಬಿಗಿದಿಡುವಂತಿಲ್ಲ. ಥಿಯೇಟರ್ ಸಿಸ್ಟರ್ ಹೊನ್ನಾವರದ ಕ್ರಿಶ್ಚಿಯನ್ ಹೆಂಗಸು, ಕಡಿಮೆ ಮಾತಿನವರು. ಕೈ ಚಾಚಿದರೆ ಬೇಕಾದದ್ದು ಕೈಗೆ ಬಂದಿರುತ್ತಿತ್ತು.

ಸ್ನಾಯುಪಟ್ಟಿ ಚೆನ್ನಾಗಿ ಬಂತು. ಸುರಂಗಗಳೂ ಸರಿಯಾದವು. ಪಟ್ಟಿಯನ್ನು ಹಾಯಿಸಿ, ತೊಡೆಯ ಹೊರಬದಿಯಿಂದ ಮೊದಲನೆಯ ಸ್ಕ್ರೂ ತಿರುಗಿಸತೊಡಗಿದೆ. ಅರ್ಧಕ್ಕೆ ಹೋಗುವವರೆಗೆ ಎಲ್ಲ ಸರಿ ಇತ್ತು. ಆಮೇಲೆ ಸ್ಕ್ರೂಡ್ರೈವರ್ ನನ್ನ ಕೈಯಲ್ಲಿ ತಿರುಗಿತು, ಸ್ಕ್ರೂ ತಿರುಗಲಿಲ್ಲ. ಒತ್ತಿ ಹಿಡಿದು ತಿರುಗಿಸಿದೆ. ಕಿರ್ರೆಂದು ಜಾರಿತು.

ಆ ಸ್ಕ್ರೂಗಳ ತಲೆಯಲ್ಲಿ ಆರು ಮೂಲೆಯ ಕುಳಿ. ಸ್ಕ್ರೂಡ್ರೈವರಿನ ತುದಿಯೂ ಆರು ಮೂಲೆಯದು. ತುದಿಯನ್ನು ದೀಪಕ್ಕೆ ಹಿಡಿದೆ. ಮೂಲೆಗಳು ಸವೆದು ಉರುಟಾಗಿದ್ದವು. ಎಮ್ಮೆಯ ಮೂಳೆ ಮನುಷ್ಯರದ್ದಕ್ಕಿಂತ ಎಷ್ಟೋ ಗಟ್ಟಿ. ಸ್ಕ್ರೂವನ್ನು ಪರೀಕ್ಷೆ ಮಾಡುತ್ತ ಮಾಡುತ್ತ ನಾವು ಅದರ ಸ್ಕ್ರೂಡ್ರೈವರನ್ನು ಮುಗಿಸಿಬಿಟ್ಟಿದ್ದೆವು.

ಸಿಸ್ಟರ್ ಕಪಾಟಿನ ಸ್ಕ್ರೂಗಳ ತಟ್ಟೆಯನ್ನು ಮುಂದಕ್ಕೆ ಸರಿಸಿದರು. ಅವೂ ಕುದಿಸಿ ಶುದ್ಧವಾಗಿ ಸಿದ್ಧವಿದ್ದವು. ಅವುಗಳ ತಲೆಗೆ ಅಡ್ಡ ಗೀರು. ಅದಕ್ಕೆ ಬೇಕಾದ ಸ್ಕ್ರೂಡ್ರೈವರ್ ಹೊಸದಾಗಿ ಹೊಳೆಯುತ್ತಿತ್ತು. ಒಳ್ಳೆಯ ಲೋಹವನ್ನು ತಿರುಗಿಸಲು ಸಾಧನವಿಲ್ಲ, ಸಾಧನವಿದ್ದ ಲೋಹ ಒಳ್ಳೆಯದಲ್ಲ. ಪಟ್ಟಿಯನ್ನು ಕತ್ತರಿಸಿ ತೆಗೆದಾಗಿದೆ, ಮರಳಿ ಇದ್ದಲ್ಲಿಗೆ ಅಂಟಿಸಲು ಬರುವುದಿಲ್ಲ. ಹೊಲಿದು ಮುಚ್ಚಿ ಇನ್ನೊಂದು ದಿನ ನೋಡೋಣ ಎನ್ನುವ ದಾರಿಯೇ ಇಲ್ಲ. ಅರ್ಧ ಹೊಕ್ಕ ಸ್ಕ್ರೂ ಒಳಗೂ ಹೋಗದೆ ಹೊರಗೂ ಬಾರದೆ ನಿಂತಿತ್ತು. ಅದನ್ನೇ ನೋಡುತ್ತ ನಾನೂ ನಿಂತೆ.

"ಎಂತ ಆತು?" ಪರದೆಯ ಆಚೆಯಿಂದ ಅವಳ ದನಿ. "ಎಲ್ಲರೂ ಮಾತು ನಿಲ್ಸಿದ್ರಿ."

ಅರಿವಳಿಕೆಯವರು ಸುಮ್ಮನಿರುವಂತೆ ಅವಳ ಭುಜ ತಟ್ಟಿದರು. ಸುಳ್ಳು ಹೇಳಬಹುದಿತ್ತು. ಆದರೆ ಮುಂದಿನ ತಿಂಗಳುಗಳನ್ನು ಅನುಭವಿಸಬೇಕಾದವಳು ಅವಳು.

"ಹಾಕಬೇಕಂತಿದ್ದ ಸ್ಕ್ರೂ ಕೂರ್ತಾ ಇಲ್ಲ ತಂಗಿ. ಇಲ್ಲಿ ಬೇರೆ ಸ್ಕ್ರೂ ಇವೆ, ಒಳ್ಳೇವಲ್ಲ. ಸ್ಕ್ರೂ ಇಲ್ಲದೆಯೂ ಕಟ್ಟಬಹುದು, ನಿನ್ನದೇ ಮೂಳೆ ಇಟ್ಟು. ಆದರೆ ಬಹಳ ದಿನ ಪ್ಲಾಸ್ಟರಿನಲ್ಲಿ ಇರಬೇಕಾಗ್ತದೆ, ಕಾಲು ಊರೂ ಹಾಗಿಲ್ಲ. ಮಂಡಿ ಪೂರ್ತಿ ಮಡಚಲಿಕ್ಕೆ ಬಾರದೆ ಹೋಗಬಹುದು."

ಹೊರಗೆ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು.

"ನೀರಲ್ಲಿ ನಿಲ್ಲೂಕೆ ಆತದೆ?"

"ಹಿಡಿದರೆ ಆಗ್ತದೆ."

"ಹಿಡೀದೆ ಇದ್ರೆ?"

"ಈಗ ಇದ್ದ ಹಾಗೇ."

"ಆತು. ಕಟ್ಟಿ."

ಇಕ್ಕಳದಲ್ಲಿ ಸ್ಕ್ರೂವಿನ ತಲೆಯನ್ನು ಕಚ್ಚಿ ಹಿಡಿದು ಕೂದಲೆಳೆಯಷ್ಟೇ ತಿರುಗಿಸುತ್ತ ಹಿಂದಕ್ಕೆ ತೆಗೆದೆ. ಒಳಕ್ಕೆ ತಿರುಗಿಸಿದ್ದರೆ ತಲೆ ಮೂಳೆಯಲ್ಲಿ ಮುಳುಗಿ ಇಕ್ಕಳಕ್ಕೆ ಸಿಗುತ್ತಿರಲಿಲ್ಲ. ಅಂಗೈಯ ಚರ್ಮ ಗ್ಲೌಸಿನೊಳಗೇ ಸುಲಿಯಿತು. ಕೆಳಗಾಲ ಮೂಳೆಯಿಂದ ಸಣ್ಣ ಉಳಿಯಲ್ಲಿ ಬೆಣೆಗಳನ್ನು ಬಿಡಿಸಿ, ಎರಡೂ ಸುರಂಗಗಳಲ್ಲಿ ಪಟ್ಟಿಯ ಮೂಳೆತುಂಡಿನ ಪಕ್ಕಕ್ಕೆ ಮೆಲ್ಲನೆ ಬಡಿದು ಕೂರಿಸಿದೆ. ಮೂಳೆತುಂಡುಗಳಿಗೆ ತೂತು ಕೊರೆದು ಪೋಣಿಸಿದ ದಾರಗಳನ್ನು ಹೊರಗೆಳೆದು, ಮೂಳೆಯಲ್ಲಿ ಇನ್ನೆರಡು ತೂತು ಮಾಡಿ, ನಡುವಿನ ಗಟ್ಟಿ ಸೇತುವೆಯ ಮೇಲೆ ಗಂಟು ಹಾಕಿದೆ. ಸಿಸ್ಟರ್ ಮಂಡಿಯನ್ನು ನಾನು ಹೇಳಿದ ಕೋನದಲ್ಲಿ ಎರಡೂ ಕೈಯಲ್ಲಿ ಹಿಡಿದು ಕಲ್ಲಿನ ಹಾಗೆ ನಿಂತಿದ್ದರು. ಹೊಲಿದು, ತೊಡೆಯ ಬುಡದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದೆವು.

ಅಂದಿನಿಂದ ಅವಳು ಪ್ಲಾಸ್ಟರಿನೊಳಗೆ ಸಿಕ್ಕಿಕೊಂಡಳು, ನಾನು ಅದರ ಹೊರಗೆ. ಸ್ಕ್ರೂ ಹಾಕಿದ್ದರೆ ಕೆಲವೇ ದಿನಗಳಲ್ಲಿ ಮಂಡಿಯನ್ನು ಆಡಿಸಿ ನೋಡಬಹುದಿತ್ತು. ಈಗ ಏನನ್ನೂ ಮುಟ್ಟಿ ನೋಡುವ ಹಾಗಿರಲಿಲ್ಲ. ದಾರ ಜಾರಿದೆಯೋ, ಬೆಣೆ ಸಡಿಲವಾಗಿದೆಯೋ, ಮೂಳೆ ಬೆಸೆಯುತ್ತಿದೆಯೋ ತಿಳಿಯಲು ದಾರಿಯಿಲ್ಲ. ವಾರ್ಡಿನಲ್ಲಿ ಅವಳ ಮಂಚದ ಪಕ್ಕ ಹಾಯುವಾಗ ಆ ಬಿಳಿ ಪ್ಲಾಸ್ಟರನ್ನೇ ನೋಡುತ್ತಿದ್ದೆ. ಅವಳಿಗೆ ಅದರೊಳಗೆ ತುರಿಕೆ. ತೆಂಗಿನ ಗರಿಯ ಕಡ್ಡಿ ತೂರಿಸಿ ತುರಿಸಿಕೊಳ್ಳುವಾಗ ಸಿಸ್ಟರ್ ಕೈಯಲ್ಲಿ ಸಿಕ್ಕಿಬಿದ್ದು ಬೈಸಿಕೊಂಡಿದ್ದಳು.

ಅಂಥ ಹೊತ್ತಿನಲ್ಲಿ ಎಕ್ಸ್‌ರೇ ಬಂತು. ಸುರಂಗಗಳ ಜಾಗ ನೋಡಲೆಂದು ನಾನೇ ತೆಗೆಸಿದ್ದೆ. ಗಂಡ ಅದನ್ನು ಕಿಟಕಿಗೆ ಹಿಡಿದು ನೋಡಿದ. ಆಪರೇಶನ್ನಿಗೆ ಮೊದಲು, ಎರಡು ಸ್ಕ್ರೂ ಹಾಕುತ್ತೇವೆ, ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ ಎಂದು ಅವನಿಗೆ ವಿವರಿಸಿದ್ದವನು ನಾನೇ. ಆಪರೇಶನ್ ಆದ ಸಂಜೆ ಸ್ಕ್ರೂ ಹಾಕಲಿಲ್ಲ, ಬೇರೆ ಕ್ರಮದಲ್ಲಿ ಕಟ್ಟಿದ್ದೇನೆ ಎಂದೂ ಹೇಳಿದ್ದೆ. ಆಗ ತಲೆಯಾಡಿಸಿದ್ದ, ಏನು ಅರ್ಥವಾಗಿತ್ತೋ. ಈಗ ಅವನಿಗೆ ಕಂಡದ್ದು ಬರೀ ಮೂಳೆ.

ಅವನು ನನ್ನನ್ನು ಕೇಳಲಿಲ್ಲ. ಆ ಫಿಲ್ಮನ್ನು ಕಂಕುಳಲ್ಲಿ ಇಟ್ಟುಕೊಂಡು ಬೇರೆ ಡಾಕ್ಟರೊಬ್ಬರಿಗೆ ತೋರಿಸಿದ. ಅವರು ಇದ್ದದ್ದನ್ನೇ ಹೇಳಿದರು, ಇದರಲ್ಲಿ ಯಾವ ಲೋಹವೂ ಇಲ್ಲವೆಂದು. ಮರುದಿನ ಊರಿನ ನಾಲ್ಕು ಜನರನ್ನು ಕರೆದುಕೊಂಡು ಬಂದ. ಸಂಸ್ಥೆಯ ಕಾರ್ಯದರ್ಶಿಗಳಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಅವರು ನನ್ನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು.

"ಡಾಕ್ಟ್ರೆ, ಕಪಾಟು ತುಂಬ ಸ್ಕ್ರೂ ಇದ್ದಾಗ ನೀವು ಹಾಕಲಿಲ್ಲ ಯಾಕೆ?"

ಅಯಸ್ಕಾಂತದ ವಿಷಯ, ಭರಣಿಯ ವಿಷಯ, ಎಲ್ಲ ಹೇಳಿದೆ. ಅವರು ತಾಳ್ಮೆಯಿಂದಲೇ ಕೇಳಿದರು. ಕೆಟ್ಟ ಮನುಷ್ಯರೇನಲ್ಲ.

"ನಂಗೆ ಹೇಳಿದ್ರಿ, ಆತು. ಹೊರಗಿದ್ದವರಿಗೆ ಇದನ್ನೇ ಹೇಳಿದ್ರೆ ಎಂತ ಆಗ್ತದೆ ಗೊತ್ತುಂಟಾ? ಹಳದೀಪುರದ ಮಾಸ್ತರ್ರ ಕಾಲಲ್ಲಿ ಇರೂದು ಅದೇ ಸ್ಕ್ರೂ. ಇನ್ನೂ ಎಷ್ಟು ಜನರದ್ದೋ. ನಾಳೆ ಎಲ್ಲರೂ ಬಂದು ನಮ್ಮ ಕಾಲಲ್ಲಿ ಎಂತ ಹಾಕಿದ್ರಿ ಅಂತ ಕೇಳಿದ್ರೆ ನೀವು ಎಂತ ಹೇಳ್ತ್ರಿ, ನಾನು ಎಂತ ಹೇಳೂದು?"

ನಿಜ ಹೇಳಿದರೆ ಒಂದು ಮಂಡಿಯ ಅನುಮಾನ ತೀರಿ ನೂರು ಕಾಲುಗಳ ಅನುಮಾನ ಹುಟ್ಟುತ್ತದೆ. ಹೇಳದಿದ್ದರೆ ಅವರ ಕಣ್ಣಿಗೆ, ಆಪರೇಶನ್ನೇ ಮಾಡದೆ ಪ್ಲಾಸ್ಟರ್ ಹಾಕಿ ಮಲಗಿಸಿದ ಡಾಕ್ಟರ್ ನಾನು. ಮಂಡಿ ತಾನೇ ಹೇಳುವವರೆಗೆ ಕಾಯೋಣವೆಂದರೆ ಅದು ಪ್ಲಾಸ್ಟರಿನೊಳಗೆ ಬಾಯಿ ಮುಚ್ಚಿ ಕೂತಿತ್ತು. ಕೆಲಸ ಬಿಟ್ಟು ಮುಂಬಯಿಗೆ ಮರಳಿಬಿಡೋಣವೇ ಎಂದೂ ಆ ಕೋಣೆಯಲ್ಲಿ ಕೂತೇ ಯೋಚಿಸಿದೆ. ಪ್ಲಾಸ್ಟರ್ ಬಿಚ್ಚದೆ ಹೋಗುವುದಾದರೂ ಎಲ್ಲಿಗೆ?

ಹೊರಗೆ ಬಂದಾಗ ವಾರ್ಡಿನಿಂದ ಜೋರು ಮಾತು ಕೇಳುತ್ತಿತ್ತು. ಅವಳು ಮಂಚದ ಮೇಲೆ ಮೊಣಕೈ ಊರಿ ಎದ್ದು ಕೂತಿದ್ದಳು. ಗಂಡ ಫಿಲ್ಮ್ ಹಿಡಿದು ಎದುರಿಗೆ ನಿಂತಿದ್ದ.

"ನಂಗೆ ನಿದ್ರೆ ಬಂದಿತ್ತಾ? ಎಲ್ಲ ಕೇಳ್ತಿದ್ದೆ ನಾನು," ಎನ್ನುತ್ತಿದ್ದಳು. "ಸ್ಕ್ರೂ ಹಾಕೂಕೆ ನೋಡಿದ್ರು, ಹೋಗ್ಲಿಲ್ಲ. ಇನ್ನೊಂದು ನಮೂನಿ ಸ್ಕ್ರೂ ಇತ್ತು, ಅದು ಒಳ್ಳೇದಲ್ಲ ಅಂದ್ರು. ನನ್ನ ಕೇಳಿದ್ರು. ಕಟ್ಟಿ ಅಂದವ್ಳು ನಾನೇ. ಆ ನಾಲ್ಕು ಜನ್ರ ಎಂತಕ್ಕೆ ಕರಕಂಡು ಬಂದ್ಯೋ? ಮಂಡಿ ಅವ್ರದ್ದಾ?"

ಬಂದವರಲ್ಲಿ ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. "ಒಳ್ಳೇದಲ್ಲದ್ದು ಇಲ್ಲಿ ಎಂತಕ್ಕೆ ಇಟ್ಕಂಡೀರಿ ಡಾಕ್ಟ್ರೆ?"

ಕಾರ್ಯದರ್ಶಿಗಳು ನನ್ನ ಬೆನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದರು. ಅವರನ್ನು ನೋಡಲಿಲ್ಲ. ಆ ಸ್ಕ್ರೂಗಳು ಮೈಯೊಳಗೆ ಬಹಳ ದಿನ ಇಡತಕ್ಕವಲ್ಲವೆಂದೂ, ಅವನ್ನು ಹಾಕಿಸಿಕೊಂಡವರನ್ನೆಲ್ಲ ಕರೆಸಿ ನೋಡುತ್ತೇನೆಂದೂ, ಮೂಳೆ ಕೂಡಿದವರಿಗೆ ತೆಗೆದುಬಿಡುತ್ತೇನೆಂದೂ ಹೇಳಿದೆ. ಹೇಳಿ ಮುಗಿಸುವವರೆಗೆ ನನಗೇ ಗೊತ್ತಿರಲಿಲ್ಲ, ನಾನು ಇದನ್ನು ಹೇಳುತ್ತೇನೆಂದು. ಕಾರ್ಯದರ್ಶಿಗಳು ಆಮೇಲೆ ಎಷ್ಟೋ ತಿಂಗಳು ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಆದರೆ ಏಜೆಂಟನ ಪೆಟ್ಟಿಗೆಗಳು ವಾರದೊಳಗೆ ಕಪಾಟಿನಿಂದ ಖಾಲಿಯಾದವು.

ಪ್ಲಾಸ್ಟರ್ ಬಿಚ್ಚುವ ದಿನ ಮಳೆ ಬಿಟ್ಟು ಹೊಳವಾಗಿತ್ತು. ಗರಗಸದ ಸದ್ದು ನಿಂತು ಎರಡು ಹೋಳು ಬೇರೆಯಾದಾಗ ಕಂಡದ್ದು ಸೊರಗಿ ಕಡ್ಡಿಯಾದ ಕಾಲು, ಸಿಪ್ಪೆ ಏಳುತ್ತಿದ್ದ ಚರ್ಮ. ಗಂಡ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ. ಸಿಸ್ಟರ್ ಬಿಸಿನೀರಿನಲ್ಲಿ ಒರೆಸಿದರು. ನಾನು ಒಂದು ಕೈಯಲ್ಲಿ ತೊಡೆ, ಇನ್ನೊಂದರಲ್ಲಿ ಕೆಳಗಾಲು ಹಿಡಿದೆ. ಎಳೆಯಲು ಕೈ ಬರಲಿಲ್ಲ. ಎಳೆದರೆ ಗೊತ್ತಾಗಿಬಿಡುತ್ತದೆ. ಇಷ್ಟು ದಿನ ಬಿಡುಗಡೆಗೆ ಹಾತೊರೆದವನಿಗೆ ಆಗ ಇನ್ನೊಂದು ದಿನ ಪ್ಲಾಸ್ಟರ್ ಇದ್ದಿದ್ದರೆ ಅನಿಸಿತು.

"ಎಳೀರಿ ಡಾಕ್ಟ್ರೆ," ಎಂದಳು ಅವಳು.

ಎಳೆದೆ. ಸ್ವಲ್ಪ ಬಂತು. ಆಮೇಲೆ ನಿಂತಿತು. ಮತ್ತೊಮ್ಮೆ ಎಳೆದೆ. ಅದೇ ಜಾಗದಲ್ಲಿ, ಗಕ್ಕನೆ. ಎಮ್ಮೆಯ ಮೂಳೆಯಲ್ಲಿ ಜಾರಿದ ಹಾಗೆ ಇಲ್ಲೂ ತುಸು ಜಾರಿತ್ತು, ಆದರೆ ಹಿಡಿದಿತ್ತು. ನೋಡುವವರಿಗೆ ಅಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ, ಡಾಕ್ಟರೊಬ್ಬ ಕಾಲು ಹಿಡಿದು ಎಳೆಯುತ್ತಿದ್ದಾನೆ ಅಷ್ಟೇ. ಅವಳು ಮಾತ್ರ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು.

"ನಿಂತು ಅಲ್ದಾ?"

"ನಿಂತಿತು," ಎಂದೆ. ಸಿಸ್ಟರ್ ಬಿಸಿನೀರಿನ ಬೋಗುಣಿ ಎತ್ತಿಕೊಂಡು ಬೇಗ ಹೊರಗೆ ಹೋದರು.

ಅಲ್ಲಿಗೆ ಮುಗಿಯಲಿಲ್ಲ. ಹಿಡಿದದ್ದೇನೋ ಸರಿ, ಮಂಡಿ ಮಡಚುತ್ತಲೇ ಇರಲಿಲ್ಲ. ತುಕ್ಕು ಹಿಡಿದ ಬಿಜಾಗರಿಯ ಹಾಗೆ ಒಂದಿಷ್ಟು ಬಾಗಿ ನಿಂತುಬಿಡುತ್ತಿತ್ತು. ಜೋರು ಮಾಡಿ ಮಡಚಿಸಿದರೆ ಕಟ್ಟಿದ್ದು ಸಡಿಲವಾದೀತೆಂಬ ಹೆದರಿಕೆ, ಬಿಟ್ಟರೆ ಹಾಗೇ ಗಟ್ಟಿಯಾಗುವ ಹೆದರಿಕೆ. ದಿನವೂ ಮಂಚದ ಅಂಚಿಗೆ ಕೂರಿಸಿ, ಪಾದಕ್ಕೆ ಮರಳಿನ ಚೀಲ ಕಟ್ಟಿ, ಬೆರಳಗಲ ಬೆರಳಗಲ ಗೆಲ್ಲುತ್ತ ಹೋದೆವು. ಎಷ್ಟೋ ದಿನ ಅವಳು ಅತ್ತಳು, ನನಗೂ ಸಿಸ್ಟರಿಗೂ ಬಾಯಿಗೆ ಬಂದ ಹಾಗೆ ಬೈದಳು. ಗಂಡ ಮಾತ್ರ ತಪ್ಪದೆ ತದಡಿಯಿಂದ ಬಸ್ಸಿನಲ್ಲಿ ಅವಳನ್ನು ಕರೆತರುತ್ತಿದ್ದ. ಎಕ್ಸ್‌ರೇಯ ಸುದ್ದಿಯನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಬೇಸಿಗೆಗೆ ಮುಂಬಯಿಯಲ್ಲಿ ನನಗೊಂದು ಕೆಲಸ ಸಿದ್ಧವಿತ್ತು. ಹೋಗಲಾಗಲಿಲ್ಲ. ಹಳದೀಪುರದ ಮಾಸ್ತರರು ಎಲ್ಲರಿಗಿಂತ ಮೊದಲು ಬಂದು ಕಾಲು ಚಾಚಿ ಕೂತಿದ್ದರು. ಅವರ ಹಿಂದೆ ಒಬ್ಬೊಬ್ಬರಾಗಿ ಯಾಣದ ಕಾಡಿನಿಂದ, ಹೊನ್ನಾವರದ ಹೊಳೆಬದಿಯಿಂದ ಜನ ಬರತೊಡಗಿದರು. ಕೆಲವರ ಸ್ಕ್ರೂಗಳು ಸುಮ್ಮನೆ ಕೂತಿದ್ದವು, ಹಾಗೇ ಬಿಟ್ಟೆ. ಕೆಲವನ್ನು ತೆಗೆದೆ. ಕೊಟ್ಟ ಮಾತನ್ನು ಮುಗಿಸುವಷ್ಟರಲ್ಲಿ ಮುಂಬಯಿಯವರು ಬೇರೆಯವರನ್ನು ಸೇರಿಸಿಕೊಂಡಿದ್ದರು.

ಅದರ ಮರುವರ್ಷ ಒಂದು ಬೆಳಿಗ್ಗೆ ಕುಮಟೆಯ ಮೀನುಪೇಟೆಯಲ್ಲಿ ಅವಳನ್ನು ಕಂಡೆ. ಸಾಲಿನಲ್ಲಿ ಉಳಿದ ಹೆಂಗಸರೆಲ್ಲ ಕುಕ್ಕರಗಾಲಿನಲ್ಲಿ ಕೂತಿದ್ದರು. ಇವಳೊಬ್ಬಳು ಮಗುಚಿಟ್ಟ ಮರದ ಪೆಟ್ಟಿಗೆಯ ಮೇಲೆ ಬಲಗಾಲು ಚಾಚಿಕೊಂಡು ಎಲ್ಲರಿಗಿಂತ ಎತ್ತರದಲ್ಲಿ ಕೂತಿದ್ದಳು. ಎದುರಿಗೆ ಬಳಚಿನ ರಾಶಿ. ಅಂದಿನ ಇಳಿತಕ್ಕೆ ತಾನೇ ಹೆಕ್ಕಿ ತಂದದ್ದು ಎಂದಳು.

"ಮಂಡಿ ಹೇಗಿದೆ?" ಎಂದು ಕೇಳಿದೆ.

ಅವಳು ಬಳಚನ್ನು ಎರಡೂ ಕೈಯಲ್ಲಿ ಬಾಚಿ ಎಲೆಗೆ ಹಾಕುತ್ತ ಹೇಳಿದಳು: "ನೀರಲ್ಲಿ ನಿಂತ್ರೆ ಅದ್ರ ನೆನಪೇ ಇರೂದಿಲ್ಲ ಡಾಕ್ಟ್ರೆ. ಹೀಂಗೆ ಕೂತ್ಕಂಡ್ರೆ ಮಾತ್ರ ನಿಮ್ಮ ನೆನಪಾತದೆ."